ಬಿಡುವಿಲ್ಲದವರ ಕೀಟವೀಕ್ಷಣೆ

ಪಕ್ಷಿಕೀಟಾದಿಗಳನ್ನು ನೋಡುತ್ತ ಕುಳಿತಿರಲು ತಮಗೆ ಬಿಡುವೆಲ್ಲಿಯದೆಂಬ ಮಾತು ಕಡೂರು, ತರೀಕೆರೆ, ಅಜ್ಜಂಪುರಗಳ ಗೃಹಸ್ಥರಲ್ಲಿ ಸಾಮಾನ್ಯವಾಗಿರುವುದು. 1890ರ ದಶಕದಲ್ಲಿ ಉತ್ತರ ಕನ್ನಡ ಜಿಲ್ಲೆಯಲ್ಲಿದ್ದ ಮೂವರು ಆಂಗ್ಲ ಅಧಿಕಾರಿಗಳ ವೃತ್ತಾಂತವು ಇದಕ್ಕೆ ತಕ್ಕ ಉತ್ತರವಾಗಿದೆ. ಡೇವಿಡ್‌ಸನ್ನರು ಕಲೆಕ್ಟರು, ಬೆಲ್ಲರು ಅರಣ್ಯಾಧಿಕಾರಿ, ಏಟ್ಕನ್ನರು ಸುಂಕ ಹಾಗೂ ಉಪ್ಪಿನ ಇಲಾಖೆಯವರು. ಕಚೇರಿಯ ಕಾಗದಪತ್ರಗಳೂ ಸಂಚಾರವೂ ಯಾರಿಗೂ ತಪ್ಪಿದ್ದಲ್ಲ. ಡೇವಿಡ್‌ಸನ್ನರು ಹಕ್ಕಿಗಳ ಗೂಡುಗಳನ್ನೂ ಪರಿಶೀಲಿಸಿದವರು. ಮೂವರೂ ಕಂಬಳಿಹುಳುಗಳನ್ನು ತಂದು, ಅವು ತಿನ್ನುವ ಎಲೆಗಳನ್ನೇ ಇಟ್ಟು ಸಾಕಿ, ಯಾವ ಹುಳು ಯಾವ ಚಿಟ್ಟೆಯಾಗುವುದೆಂಬುದನ್ನು ಕಣ್ಣಾರೆ ಕಂಡು ನಿರ್ಣಯಿಸಿದರು. 1896-97ರಲ್ಲಿ ಮುಂಬಯಿಯ ಪ್ರಕೃತಿಚರಿತ್ರ ಸಂಘದ ಪತ್ರಿಕೆಯಲ್ಲಿ ಅವರು ಕೂಡಿ ಬರೆದ ಲೇಖನಮಾಲೆಯನ್ನು ಪಶ್ಚಿಮಘಟ್ಟದ ಚಿಟ್ಟೆಗಳ ಆಹಾರಸಸ್ಯಗಳ ವಿಷಯದಲ್ಲಿ ವಿದ್ವಾಂಸರು ಇಂದಿಗೂ ಉಲ್ಲೇಖಿಸುವರು. ಬೆಲ್ಲರಂತೂ ನಿವೃತ್ತಿಯ ತರುವಾಯ ಕಾರವಾರದಲ್ಲಿಯೇ ನೆಲಸಿ 1948ರಲ್ಲಿ ಅಲ್ಲಿಯೇ ಕಾಲವಾದರು.

ಅಧಿಕಾರಿಗಳಿಗೆ ಆಳುಕಾಳುಗಳಿದ್ದರೆಂಬ ಆಕ್ಷೇಪವು ನ್ಯಾಯವಾದುದೇ. ಆದರೆ ನಮ್ಮ ಹಿತ್ತಿಲ ನಿಂಬೆಯ ಗಿಡವನ್ನು ನೋಡುವುದಕ್ಕೆ ಆಳು ಬೇಕಿಲ್ಲ. ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ತೋರುವ ಮರಿಹುಳುವು ಬೆಳೆದು ಹಸುರಾಗಿ, ಕೋಶವಾಗಿ, ಕೆಲವು ವಾರಗಳಲ್ಲಿ ಕಪ್ಪುಹಳದಿಯ ಚಿಟ್ಟೆಯಾಗುವುದು. ಗಿಡ ಹಾಳಾಯಿತೆಂದು ಅದನ್ನು ಹೊಸಕುವ ಮೊದಲು ಒಂದನ್ನಾದರೂ ಗಾಳಿಯಾಡುವ ಸೀಸೆಯಲ್ಲಿಟ್ಟು, ದಿನವೂ ಸ್ನಾನಕ್ಕೆ ಮುಂಚೆ ಎಳೆಯ ಎಲೆಗಳೆರಡನ್ನು ಹಾಕಿದರೆ ಸಾಕು.