ಇಂಗಾಲಕ್ಕೆ ಲೆಕ್ಕ ಕಟ್ಟಿದ ಸಂಸತ್ತು

ಕಲ್ಲಿದ್ದಲ ಬೆಂಕಿಯ ಬಲದಲ್ಲಿ ಹಡಗು ಓಡಿಸಿ, ಗಿರಣಿ ತಿರುಗಿಸಿ ಲೋಕವಾಳಿದ ನಾಡು ಬ್ರಿಟನ್. 1882ರಲ್ಲೇ ಲಂಡನ್ನಿನ ಹಾಲ್ಬರ್ನ್ ವಯಡಕ್ಟ್‌ನಲ್ಲಿ ಕಲ್ಲಿದ್ದಲಿನಿಂದ ವಿದ್ಯುತ್ ಹರಿದಿತ್ತು. ಅಂಥ ನಾಡಿನ ಗದ್ದುಗೆಯಿಂದಲೇ ಹೊಗೆಯ ವಿರುದ್ಧ ಮಾತು ಹೊರಟೀತೆಂದು ಯಾರು ತಾನೇ ಎಣಿಸಿದ್ದರು!

1988ರ ಸೆಪ್ಟೆಂಬರ್ 27ರಂದು ರಾಯಲ್ ಸೊಸೈಟಿಯ ಔತಣದಲ್ಲಿ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಎದ್ದು ನಿಂತರು. ಆಕ್ಸ್‌ಫರ್ಡ್‌ನಲ್ಲಿ ಡೊರೊತಿ ಹಾಜ್ಕಿನ್ನರ ಬಳಿ ರಸಾಯನಶಾಸ್ತ್ರ ಕಲಿತ ಹೆಂಗಸು. ಹವಾಮಾನ ಬದಲಾವಣೆಯ ಬಗ್ಗೆ ರಾಜತಂತ್ರಜ್ಞ ಕ್ರಿಸ್ಪಿನ್ ಟಿಕೆಲ್ ಹೇಳಿದ್ದನ್ನು ಕಿವಿಗೊಟ್ಟು ಕೇಳಿದ್ದರು. ಮನುಷ್ಯಕುಲ ತನಗರಿವಿಲ್ಲದೆಯೇ ಇಡೀ ಭೂಮಂಡಲದ ಮೇಲೆ ಪ್ರಯೋಗವೊಂದನ್ನು ಹೂಡಿರಬಹುದೆಂದು ಅಂದು ಎಚ್ಚರಿಸಿದರು. ಗಣಿ ಕಾರ್ಮಿಕರ ಮುಷ್ಕರವನ್ನು ಮುರಿದವರಿಗೆ ಕಲ್ಲಿದ್ದಲಿನ ಮೇಲೆ ಮಮತೆ ಎಲ್ಲಿಂದ ಬರಬೇಕು ಎಂದು ಗೊಣಗಿದವರೂ ಉಂಟು. ಆ ಗೊಣಗಾಟದಲ್ಲಿ ಹುರುಳಿಲ್ಲದೆ ಇಲ್ಲ. ಆದರೂ 1989ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಅದೇ ಮಾತನ್ನು ಇನ್ನೂ ಬಲವಾಗಿ ಆಡಿದರು. ಮರುವರ್ಷ ಮೇ ತಿಂಗಳಲ್ಲಿ ಬ್ರಾಕ್ನೆಲ್‌ನಲ್ಲಿ ಹವಾಮಾನ ಸಂಶೋಧನೆಯ ಹ್ಯಾಡ್ಲಿ ಕೇಂದ್ರವನ್ನು ತೆರೆದರು. ಆರು ತಿಂಗಳಲ್ಲಿ ಅಧಿಕಾರ ಹೋಯಿತು. 2002ರಲ್ಲಿ ಬರೆದ ಪುಸ್ತಕದಲ್ಲಂತೂ ಇದೇ ವಿಷಯವನ್ನು ಸಂಶಯದ ಕಣ್ಣಿನಿಂದ ಕಂಡರು. ಆಳುವವರ ಮನಸ್ಸು ಅಷ್ಟೇ. ಅದನ್ನು ನೆಚ್ಚಿ ಅರ್ಧ ಶತಮಾನದ ಕೆಲಸಕ್ಕೆ ಕೈಹಾಕುವುದು ಹೇಗೆ?

ಉತ್ತರ ದೊರೆತದ್ದು 2008ರಲ್ಲಿ. ಲೇಬರ್ ಸರ್ಕಾರ ತಂದ ಹವಾಮಾನ ಬದಲಾವಣೆ ಮಸೂದೆಗೆ ಎದುರು ಸಾಲಿನ ಕನ್ಸರ್ವೇಟಿವರೂ ಕೈಜೋಡಿಸಿದರು. 2050ರ ಹೊತ್ತಿಗೆ ಇಂಗಾಲವನ್ನು 1990ರ ಮಟ್ಟದಿಂದ ಶೇ. 60ರಷ್ಟು ತಗ್ಗಿಸಬೇಕೆಂದಿದ್ದ ಗುರಿಯನ್ನು, ಅಡೇರ್ ಟರ್ನರ್ ಅಧ್ಯಕ್ಷತೆಯ ಸಮಿತಿಯ ಸಲಹೆಯಂತೆ, ಸಚಿವ ಎಡ್ ಮಿಲಿಬ್ಯಾಂಡ್ ಶೇ. 80ಕ್ಕೆ ಏರಿಸಿದರು. ಅಕ್ಟೋಬರ್ 28ರ ರಾತ್ರಿ ಮಸೂದೆಯ ಪರ 463 ಮತ, ವಿರುದ್ಧ ಮೂರೇ ಮೂರು. ಭೂಮಿ ಬಿಸಿಯಾಗುತ್ತಿದೆಯೆಂದು ಸದನ ಚರ್ಚಿಸುತ್ತಿದ್ದರೆ ಹೊರಗೆ ಲಂಡನ್ನಿನಲ್ಲಿ ಅಕಾಲದ ಹಿಮ ಬೀಳುತ್ತಿತ್ತು. ವಿರೋಧಿಗಳು ಇದನ್ನು ಇಂದಿಗೂ ಹೇಳಿ ನಗುತ್ತಾರೆ.

ಅಂಥ ಕಾನೂನು ಜಗತ್ತಿನಲ್ಲಿ ಅದೇ ಮೊದಲು. ಗುರಿಗಿಂತ ಅದರೊಳಗಿನ ಕಟ್ಟಳೆಯೇ ಗಟ್ಟಿ. ಹಣಕ್ಕೆ ಬಜೆಟ್ ಇರುವಂತೆ ಇಂಗಾಲಕ್ಕೂ ಐದೈದು ವರ್ಷದ ಬಜೆಟ್. ಅದನ್ನು ಹನ್ನೆರಡು ವರ್ಷ ಮೊದಲೇ ನಿಗದಿಪಡಿಸಬೇಕು. ಸ್ವತಂತ್ರ ಸಮಿತಿ ವರ್ಷವರ್ಷವೂ ಲೆಕ್ಕ ನೋಡಿ ಸಂಸತ್ತಿಗೆ ಒಪ್ಪಿಸಬೇಕು, ಸರ್ಕಾರ ಅದಕ್ಕೆ ಉತ್ತರ ಕೊಡಲೇಬೇಕು. ಹೀಗೆ ಇಂದಿನ ಮಂತ್ರಿ ನಾಳೆಯ ಮಂತ್ರಿಯ ಕೈ ಕಟ್ಟಿದ.

ಕಟ್ಟು ಸಡಿಲವೇನೂ ಆಗಿರಲಿಲ್ಲ. 2019ರಲ್ಲಿ ಥೆರೆಸಾ ಮೇ ಸರ್ಕಾರ ಗುರಿಯನ್ನು ನಿವ್ವಳ ಶೂನ್ಯಕ್ಕೆ, ಅಂದರೆ ಹೊರಬಿಟ್ಟಷ್ಟನ್ನೂ ಹಿಂದೆಗೆಯುವ ಮಟ್ಟಕ್ಕೆ, ಒಯ್ದಿತು. ಅಲ್ಲಿಗೆ ತಲುಪುವ ದಾರಿಯನ್ನು ಸರಿಯಾಗಿ ತೋರಿಸಿಲ್ಲವೆಂದು 2022ರ ಜುಲೈನಲ್ಲಿ ಹೈಕೋರ್ಟ್, ಇದೇ ಕಾನೂನಿನ ಕಲಮುಗಳನ್ನು ಹಿಡಿದು, ಸರ್ಕಾರದ ಯೋಜನೆಯನ್ನು ಕಾನೂನುಬಾಹಿರವೆಂದಿತು. ತಿದ್ದಿ ತಂದ ಯೋಜನೆಯೂ 2024ರ ಮೇ ತಿಂಗಳಲ್ಲಿ ಅದೇ ಹೈಕೋರ್ಟಿನಲ್ಲಿ ಮತ್ತೆ ಸೋತಿತು.