ಬೆನ್ನಿಗೆ ಚುಚ್ಚುವ ಸೂಜಿ

ಜ್ವರದಿಂದ ಬಳಲುವ ಹುಡುಗನನ್ನು ಆಸ್ಪತ್ರೆಗೆ ತಂದಿದ್ದಾರೆ. ತಡೆಯಲಾರದ ತಲೆನೋವು, ವಾಂತಿ. ಕತ್ತು ಬಗ್ಗಿಸಹೋದರೆ ಕೊರಡಿನಂತೆ ಸೆಟೆಯುತ್ತದೆ. ಕರೆದರೆ ಮಂಪರಿನ ಉತ್ತರ. ಬೆನ್ನಿಗೆ ಸೂಜಿ ಹಾಕಿ ನೀರು ತೆಗೆದು ನೋಡಬೇಕು, ಒಪ್ಪಿಗೆಯ ರುಜು ಹಾಕಿ ಎನ್ನುತ್ತಾರೆ ವೈದ್ಯರು. ಒಡನೆಯೇ ಮನೆಯವರಲ್ಲಿ ಗುಸುಗುಸು: 'ಬೆನ್ನಿಗೆ ಚುಚ್ಚಿದರೆ ಕಾಲು ಬಿದ್ದುಹೋದೀತು!' ನಮ್ಮ ಆಸ್ಪತ್ರೆಗಳಲ್ಲಿ ಇಂಥ ದೃಶ್ಯ ಅಪರೂಪವಲ್ಲ. ಆದರೆ ಆ ಸೂಜಿಯ ಚರಿತ್ರೆಯನ್ನು ಬಲ್ಲವರು ಅಷ್ಟು ಅಂಜಲಾರರು.

ಮಿದುಳನ್ನೂ ಬೆನ್ನುಹುರಿಯನ್ನೂ ಸುತ್ತಿರುವ ಪೊರೆಗಳ ಉರಿಯೂತವೇ ಮೆನಿಂಜೈಟಿಸ್. ಅದರಲ್ಲಿಯೂ ಬ್ಯಾಕ್ಟೀರಿಯಗಳಿಂದ ಬರುವುದು ಅತಿ ಘೋರ. 1805ರ ವಸಂತದಲ್ಲಿ ಜಿನೀವಾ ಊರಿನ ಅಂಚಿನಲ್ಲಿ ಹಬ್ಬಿದ ಇಂಥದೊಂದು ಪಿಡುಗನ್ನು ಗಾಸ್ಪಾರ್ ವ್ಯೂಸೋ ಎಂಬ ವೈದ್ಯನು ವರ್ಣಿಸಿದನು. ಅನಂತರ ಎಂಬತ್ತು ವರ್ಷ ಕಳೆದರೂ ವೈದ್ಯರಿಗೆ ವರ್ಣಿಸುವುದಷ್ಟೇ ಸಾಧ್ಯವಾಗಿದ್ದಿತು. 1887ರಲ್ಲಿ ವಿಯೆನ್ನಾದ ವೈಕ್ಸೆಲ್‌ಬೌಮ್ ಈ ರೋಗದ ಒಂದು ಮುಖ್ಯ ಜೀವಾಣುವನ್ನು ಗುರುತಿಸಿದನು. ಆದರೆ ಬದುಕಿರುವ ರೋಗಿಯಲ್ಲಿ ಅದನ್ನು ಕಾಣುವ ದಾರಿ ಇನ್ನೂ ತೆರೆದಿರಲಿಲ್ಲ.

ಆ ದಾರಿಯನ್ನು ತೆರೆದವನು ಜರ್ಮನಿಯ ಕೀಲ್ ನಗರದ ಹೀನ್ರಿಕ್ ಕ್ವಿಂಕೆ. ತಲೆಯಲ್ಲಿ ನೀರು ತುಂಬಿ ಒತ್ತಡದಿಂದ ನರಳುವ ಮಕ್ಕಳಿಗೆ ನೆಮ್ಮದಿ ಕೊಡುವ ಉದ್ದೇಶದಿಂದ ಅವನು ನಡುವಿನ ಎಲುಬುಗಳ ಸಂದಿಯಲ್ಲಿ ಟೊಳ್ಳು ಸೂಜಿಯನ್ನು ಇಳಿಸಿದನು. 1891ರಲ್ಲಿ ಆ ವಿಧಾನವನ್ನು ಪ್ರಕಟಿಸಿದನು. ಅವನ ಧೈರ್ಯಕ್ಕೆ ದೇಹರಚನೆಯೇ ಆಧಾರ. ಬೆಳೆದವರಲ್ಲಿ ಬೆನ್ನುಹುರಿಯು ಸೊಂಟದ ಮೊದಲನೆಯ ಅಥವಾ ಎರಡನೆಯ ಎಲುಬಿನ ಬಳಿಯೇ ಮುಗಿಯುತ್ತದೆ. ಸೂಜಿ ಹೋಗುವುದು ಅದಕ್ಕೂ ಕೆಳಗೆ. ಅಲ್ಲಿರುವುದು ಕುದುರೆಯ ಬಾಲದಂತೆ ನೀರಿನಲ್ಲಿ ತೇಲುವ ನರಗಳ ಎಳೆಗಳು. ಸೂಜಿ ಬಂದರೆ ಅವು ಸಾಮಾನ್ಯವಾಗಿ ಪಕ್ಕಕ್ಕೆ ಸರಿಯುತ್ತವೆ. ಕಾಲು ಬಿದ್ದುಹೋಗುವ ಭಯಕ್ಕೆ ಇದೇ ಉತ್ತರ.

ಒತ್ತಡ ಇಳಿಸಲು ಹೊರಟ ಸೂಜಿ ರೋಗವನ್ನು ಹೇಳುವ ಸಾಕ್ಷಿಯಾಯಿತು. ಆರೋಗ್ಯವಂತರ ದ್ರವ ತಿಳಿನೀರಿನಂತಿರುತ್ತದೆ. ಬ್ಯಾಕ್ಟೀರಿಯ ಹೊಕ್ಕಾಗ ಅದು ಸಾಮಾನ್ಯವಾಗಿ ಕದಡಿರುತ್ತದೆ. ಬಿಳಿ ಕಣಗಳು ತುಂಬಿ, ಸಕ್ಕರೆಯ ಅಂಶ ಕುಗ್ಗಿರುತ್ತದೆ.

ಮುಂದೆ ಅದೇ ದಾರಿಯಲ್ಲಿ ಔಷಧವೂ ಒಳಗಿಳಿಯಿತು. ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಸೈಮನ್ ಫ್ಲೆಕ್ಸ್‌ನರ್ ಕುದುರೆಗಳಲ್ಲಿ ಪ್ರತಿರಕ್ಷಕ ಸೀರಮ್ ತಯಾರಿಸಿದನು. ಅದನ್ನು ಬೆನ್ನಿನ ಸೂಜಿಯಿಂದಲೇ ಕೊಡುತ್ತಿದ್ದರು. ಹಿಂದೆ ಈ ಪಿಡುಗಿಗೆ ಸಿಕ್ಕಿದ ನೂರರಲ್ಲಿ ಎಪ್ಪತ್ತಕ್ಕೂ ಮಿಕ್ಕಿ ಜನ ಸಾಯುತ್ತಿದ್ದರೆ, 1913ರಲ್ಲಿ ಅವನು ಪ್ರಕಟಿಸಿದ ಸುಮಾರು 1300 ರೋಗಿಗಳಲ್ಲಿ ಸತ್ತವರು ನೂರಕ್ಕೆ ಸುಮಾರು 31.

1937ರ ಹೊತ್ತಿಗೆ ಸಲ್ಫಾ ಔಷಧಗಳು ಬಂದುವು. 1942ರ ಆಗಸ್ಟಿನಲ್ಲಿ ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯಲ್ಲಿ ಸಲ್ಫಾಕ್ಕೂ ಬಗ್ಗದೆ ಸಾವಿನಂಚಿಗೆ ಹೋಗಿದ್ದ ರೋಗಿಯೊಬ್ಬನಿಗೆ ಅಲೆಕ್ಸಾಂಡರ್ ಫ್ಲೆಮಿಂಗ್ ಪೆನಿಸಿಲಿನ್ ಕೊಟ್ಟನು. ಆಕ್ಸ್‌ಫರ್ಡಿನ ಫ್ಲೋರಿಯಿಂದ ಬೇಡಿ ತಂದ ಔಷಧವದು. ಸ್ನಾಯುವಿಗೆ ಕೊಟ್ಟದ್ದು ಬೆನ್ನಿನ ದ್ರವಕ್ಕೆ ಮುಟ್ಟಿರಲಿಲ್ಲ. ಕೊನೆಗೆ ಫ್ಲೆಮಿಂಗ್ ಅದನ್ನು ನೇರವಾಗಿ ಬೆನ್ನಿಗೇ ಚುಚ್ಚಿದನು. ರೋಗಿ ಬದುಕಿದನು.

ಇಂದು ಸೆಫ್‌ಟ್ರಯಾಕ್ಸೋನ್‌ನಂಥ ಔಷಧಗಳು ರಕ್ತನಾಳದ ಮೂಲಕವೇ ಪೊರೆಯನ್ನು ತಲುಪುತ್ತವೆ. ಮೊದಲ ಪಟ್ಟಿನೊಂದಿಗೇ ಡೆಕ್ಸಾಮೆಥಸೋನ್ ಕೊಟ್ಟರೆ ವಯಸ್ಕರಲ್ಲಿ ಸಾವು ಕಡಿಮೆಯಾಗುವುದೆಂದು ಯೂರೋಪಿನ ಪರೀಕ್ಷೆಯೊಂದು 2002ರಲ್ಲಿ ತೋರಿಸಿತು. ಸೂಜಿ ಈಗ ಮತ್ತೆ ಮುಖ್ಯವಾಗಿ ಸಾಕ್ಷಿಯ ಕೆಲಸಕ್ಕೇ ಮರಳಿದೆ: ಯಾವ ಜೀವಾಣು, ಯಾವ ಔಷಧ, ಎಷ್ಟು ದಿನ ಎಂಬುದನ್ನು ಹೇಳಲು. ಮಿದುಳಿನ ಒತ್ತಡ ಅತಿಯಾಗಿದ್ದರೆ, ರಕ್ತ ಹೆಪ್ಪುಗಟ್ಟದಿದ್ದರೆ ವೈದ್ಯರು ಸೂಜಿಯನ್ನು ತಡೆಹಿಡಿಯುತ್ತಾರೆ. ಸೂಜಿ ತಡವಾದರೂ ಔಷಧ ತಡವಾಗಬಾರದೆಂಬುದು ಇಂದಿನ ನಿಯಮ; ರಕ್ತದ ಮಾದರಿ ತೆಗೆದು ಕೂಡಲೇ ಔಷಧ ಆರಂಭಿಸುತ್ತಾರೆ.

ಎಲ್ಲ ಲಕ್ಷಣಗಳೂ ಕೂಡಿಬರಲಿ ಎಂದು ಮನೆಯಲ್ಲಿ ಕಾಯುವುದೂ ತಪ್ಪು. 2004ರಲ್ಲಿ ಪ್ರಕಟವಾದ ಡಚ್ ಅಧ್ಯಯನವೊಂದರಲ್ಲಿ ಜ್ವರ, ಕತ್ತಿನ ಸೆಡೆತ, ಪ್ರಜ್ಞೆಯ ಏರುಪೇರು ಮೂರೂ ಇದ್ದವರು ನೂರಕ್ಕೆ 44 ಮಾತ್ರ; ಆದರೆ ತಲೆನೋವನ್ನೂ ಸೇರಿಸಿದರೆ ನಾಲ್ಕರಲ್ಲಿ ಎರಡಾದರೂ ಇದ್ದವರು 95. ಎಳೆಗೂಸುಗಳಲ್ಲಂತೂ ಹಾಲು ಒಲ್ಲದ ಮಂಕುತನವೇ ಕರೆಗಂಟೆಯಾದೀತು.

ಒಪ್ಪಿಗೆಯ ಕಾಗದ ಮುಂದೆ ಬಂದಾಗ ಕೈ ನಡುಗುವುದು ಸಹಜವೇ. ಕೇಳಬೇಕಾದ್ದನ್ನು ವೈದ್ಯರಲ್ಲಿ ಕೇಳಿ ತಿಳಿಯೋಣ; ಆದರೆ ಮನೆಯವರ ಗುಸುಗುಸಿಗೆ ಅಂಜಿ ರುಜುವನ್ನು ನಾಳೆಗೆ ಮುಂದೂಡುವುದು ಬೇಡ. ಈ ರೋಗ ನಾಳೆಯವರೆಗೆ ಕಾಯುವಂಥದಲ್ಲ.