ಹಳೆಯ ಹೊತ್ತಗೆಗಳಲ್ಲಿ ಮಿದುಳಿನ ಚರಿತ್ರೆ

ದೊಡ್ಡಬಳ್ಳಾಪುರ, ಹೊಸಕೋಟೆಗಳಿಂದ ಮುಂಜಾನೆಯ ಬಸ್ಸು ಹಿಡಿದು ನಿಮ್ಹಾನ್ಸ್‌ಗೆ ಹೋಗಿಬಂದ ಕುಟುಂಬಗಳು ನಮ್ಮ ನಡುವೆ ಎಷ್ಟೋ ಇವೆ. ಪ್ರಿಯ ಓದುಗರೇ, ಆ ಸಂಸ್ಥೆಯ ಪೂರ್ವಚರಿತ್ರೆ ಕೆಲವು ಹಳೆಯ ಗ್ರಂಥಗಳೊಡನೆ ಹೆಣೆದುಕೊಂಡಿರುವುದನ್ನು ಬಲ್ಲಿರಾ?

ತಲೆಬುರುಡೆಯಲ್ಲಿ ರಂಧ್ರ ಕೊರೆದು ಮಿದುಳಿನ ಮುಂಭಾಗದ ತಂತುಗಳನ್ನು ಕಡಿದರೆ ಮನೋರೋಗ ಶಮನವಾಗುವುದೆಂದು ಪೋರ್ಚುಗಲ್ಲಿನ ಎಗಾಸ್ ಮೊನಿಜ್ 1936ರ ತಮ್ಮ ಗ್ರಂಥದಲ್ಲಿ ವಾದಿಸಿದರು. ಅಮೆರಿಕದ ಫ್ರೀಮನ್ ಮತ್ತು ವಾಟ್ಸ್ ಅವರ ‘ಸೈಕೋಸರ್ಜರಿ’ ಹೊರಬಂದದ್ದು 1942ರಲ್ಲಿ. ಎರಡೇ ವರ್ಷಗಳ ತರುವಾಯ, ಮಹಾಯುದ್ಧದ ನಡುವೆಯೇ, ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಡಾ. ಎಂ.ವಿ. ಗೋವಿಂದಸ್ವಾಮಿಯವರೂ ಶಸ್ತ್ರವೈದ್ಯ ಬಾಲಕೃಷ್ಣರಾಯರೂ ಭಾರತೀಯ ರೋಗಿಗಳ ಮೇಲೆ ನಡೆಸಿದ ಈ ಶಸ್ತ್ರಕ್ರಿಯೆಯ ವರದಿಯನ್ನು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು.

ಅವರನ್ನು ಕ್ರೂರಿಗಳೆನ್ನಲು ಮನಸ್ಸೊಪ್ಪದು. ಇಂದಿನ ಔಷಧಗಳು ಆಗ ಇರಲಿಲ್ಲ; 1949ರಲ್ಲಿ ಮೊನಿಜ್‌ರಿಗೆ ನೊಬೆಲ್ ಬಹುಮಾನವೂ ಸಂದಿತು. ಆದರೆ ಲೋಕದ ಹಲವೆಡೆ ಈ ಶಸ್ತ್ರಕ್ರಿಯೆಗೆ ಒಳಗಾದ ಎಷ್ಟೋ ಮಂದಿ ಉತ್ಸಾಹವನ್ನೂ ತಮ್ಮತನವನ್ನೂ ಕಳೆದುಕೊಂಡರು. ಗ್ರಂಥಗಳಲ್ಲಿ ಅವರ ದನಿ ಕೇಳಿಸುವುದು ವಿರಳ.

ಇಂಥ ಹೊತ್ತಗೆಗಳನ್ನು ಈಗ ಸಂಗ್ರಾಹಕರು ಹುಡುಕುತ್ತಾರೆ. ಮಿದುಳಿನ ಶಸ್ತ್ರವೈದ್ಯ ಹಾರ್ವಿ ಕುಶಿಂಗ್ ತಮ್ಮ ಪುಸ್ತಕ ಭಂಡಾರವನ್ನೇ ಯೇಲ್ ವಿಶ್ವವಿದ್ಯಾನಿಲಯಕ್ಕೆ ಬಿಟ್ಟುಹೋದರು. ಮಡಿಪ್ರತಿಗೇ ಬೆಲೆ ಹೆಚ್ಚೆನ್ನುತ್ತಾರೆ. ನನಗಾದರೋ ವೈದ್ಯನೊಬ್ಬ ಅಂಚಿನಲ್ಲಿ ಪೆನ್ಸಿಲಿನಿಂದ ಸಂದೇಹ ಗೀಚಿದ ಪ್ರತಿಯೇ ಮೇಲು. ನಿಮ್ಮ ಮನೆಯ ಅಟ್ಟದಲ್ಲಿ ಹಿರಿಯರ ವೈದ್ಯಗ್ರಂಥವಿದ್ದರೆ, ರದ್ದಿಗೆ ತೂಗುವ ಮುನ್ನ ಒಳಪುಟದ ಇಸವಿಯನ್ನೊಮ್ಮೆ ನೋಡಿರಿ.